ಒಂಬತ್ತನೆಯ ಮೆಟ್ಟಿಲಿನ ಮೊಕದ್ದಮೆ

ಕಾನೂನಿನ ತತ್ತ್ವ ಹುಟ್ಟಿ ಬೆಳೆದ ಕಥೆಯನ್ನು ನನ್ನಷ್ಟು ಅರೆದು ಕುಡಿದವರು ಈ ಭೂಮಂಡಲದಲ್ಲಿ ಇನ್ನೊಬ್ಬರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ಬೇರೆಯವರು ಹೇಳಬೇಕು. ಬೇರೆಯವರು ಇಪ್ಪತ್ತೇಳು ವರ್ಷದಿಂದ ಹೇಳದೇ ಇರುವುದರಿಂದ ಆ ಭಾರವೂ ನನ್ನ ತಲೆಯ ಮೇಲೇ ಬಿದ್ದಿದೆ.

ನಾನು ಲಾ ಕಾಲೇಜಿನ ಲೈಬ್ರರಿಯ ಬೈಂಡರ್. ಹರಿದ ಪುಸ್ತಕವನ್ನು ಬಿಚ್ಚಿ, ಹೊಲಿದು, ಅಂಟು ಹಾಕಿ, ರಟ್ಟು ಕಟ್ಟುವವನು. ಪುಸ್ತಕವೆಂದರೆ ಹದಿನಾರು ಹದಿನಾರು ಪುಟಗಳ ಮಡಿಕೆಗಳು. ಒಂದೊಂದು ಮಡಿಕೆಗೆ ನಾವು ಫಾರಂ ಎನ್ನುತ್ತೇವೆ. ಫಾರಂ ಹೊಲಿಯುವಾಗ ಅದರ ಮೊದಲ ಪುಟ, ಕೊನೆಯ ಪುಟ, ಸೂಜಿ ಚುಚ್ಚುವ ನಟ್ಟನಡುವಿನ ಎರಡು ಪುಟ, ಇಷ್ಟು ಮಾತ್ರ ಕಣ್ಣಿಗೆ ಬೀಳುತ್ತವೆ. ಹೀಗಾಗಿ ಲೈಬ್ರರಿಯ ಪ್ರತಿ ಪುಸ್ತಕದ ಒಂದು, ಎಂಟು, ಒಂಬತ್ತು, ಹದಿನಾರನೆಯ ಪುಟಗಳು ನನಗೆ ಬಾಯಿಪಾಠ. ಮುಂದಿನ ಫಾರಮ್ಮಿನಲ್ಲಿ ಹದಿನೇಳು, ಇಪ್ಪತ್ತನಾಲ್ಕು, ಇಪ್ಪತ್ತೈದು, ಮೂವತ್ತೆರಡು. ನಡುವಿನ ಪುಟಗಳನ್ನು ನಾನು ಓದಿರಲಿಲ್ಲ. ಓದುವ ಅಗತ್ಯವೂ ಕಂಡಿರಲಿಲ್ಲ. ಅನ್ನ ಬೆಂದಿದೆಯೋ ಎಂದು ನೋಡಲು ಯಾರೂ ಇಡೀ ಪಾತ್ರೆ ಉಣ್ಣುವುದಿಲ್ಲ, ಒಂದು ಅಗುಳು ಹಿಚುಕುತ್ತಾರೆ.

ಲೈಬ್ರೇರಿಯನ್ ನನ್ನ ಅಕ್ಕ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ಅದನ್ನೇ ಕಾಲೇಜೆಲ್ಲ ಹುಡುಕುವವಳು. ಆದರೆ ಮೂವತ್ತೊಂದು ವರ್ಷದಲ್ಲಿ ಅವಳ ಕೈಯಿಂದ ಒಂದೇ ಒಂದು ಪುಸ್ತಕ ಕಳೆದಿಲ್ಲ. ಕಾನೂನು ತತ್ತ್ವದ ಪುಸ್ತಕಗಳಿಗೆಂದೇ ಅವಳು ಒಂದು ಇಡೀ ಗೋಡೆ ಕೊಟ್ಟಿದ್ದಾಳೆ, ಒಂಬತ್ತು ಸಾಲು. ಕೆಳಗಿನ ಸಾಲಿನಲ್ಲಿ ಕಲ್ಲಿನ ಮೇಲೆ ಕಾನೂನು ಕೊರೆಸಿದ ಪುರಾತನ ದೊರೆಗಳು. ಅಲ್ಲಿಂದ ಒಂದೊಂದೇ ಕಾಲ ಮೇಲೇರುತ್ತಾ, ಒಂಬತ್ತನೆಯ ಸಾಲಿನಲ್ಲಿ, ಸರ್ಕಾರ ಅನ್ನುವುದೇ ಜನ ತಮ್ಮ ತಮ್ಮಲ್ಲಿ ಮಾಡಿಕೊಂಡ ಒಪ್ಪಂದ ಎಂದು ವಾದಿಸಿದವರು. "ಅಡಿಪಾಯ ಕೆಳಗಿರ್ಬೇಕು, ಮಾಡು ಮೇಲಿರ್ಬೇಕು," ಎಂದು ಅಕ್ಕನ ಲೆಕ್ಕ. ಗೋಡೆಗೆ ಒರಗಿ ನಿಂತ ಏಣಿಗೂ ಒಂಬತ್ತೇ ಮೆಟ್ಟಿಲು, ಸಾಲಿಗೊಂದು. ಏಣಿಯ ಎತ್ತರ ಅರವತ್ತು ಅಡಿ.

ಆ ಏಣಿ ಮಾಡಿದ್ದು ಅಕ್ಕನ ಗಂಡ, ನನ್ನ ಭಾವ, ಬಡಗಿ. ಮೊಳೆ ಹೊಡೆಯದೆ, ಮರದ ತೂತಿಗೆ ಮರದ ನಾಲಗೆ ಕೂರಿಸಿ ಮಾಡಿದ ಏಣಿ. ಅವರ ಜೋಡಣೆಯ ಮೇಲೆ ಯಾರಾದರೂ ಒಂದು ಮಾತಾಡಿದರೆ ಮೂರು ದಿನ ಊಟ ಬಿಡುವ ಮನುಷ್ಯ. ಅವರಿಗೂ ನನಗೂ ಇಪ್ಪತ್ತು ವರ್ಷದಿಂದ ಒಂದೇ ಜಗಳ.

"ಅಂಟು ಕಾಗದಕ್ಕೆ ಸರಿಯಯ್ಯ," ಎನ್ನುತ್ತಾರೆ ಭಾವ. "ಮರಕ್ಕೆ ಮರಾನೇ ನೆಂಟ."

"ಭಾವ, ನನ್ನ ಅಂಟಲ್ಲಿ ಆಕಾಶಾನ ತಂದು ಭೂಮಿಗೆ ಅಂಟಿಸ್ತೀನಿ."

"ಅಂಟಿಸಪ್ಪ. ಅದಕ್ಕೆ ಮುಂಚೆ ನಮ್ಮನೆ ಕ್ಯಾಲೆಂಡರ್ ಒಂದು ಅಂಟಿಸು. ನೀನು ಅಂಟಿಸಿದ್ದು ಮೂರು ಸಲ ಬಿತ್ತು."

ಈ ಜಗಳವೇ ಮುಂದಿನ ಅನಾಹುತಕ್ಕೆ ತಾಯಿ.

ಈಚೆಗೆ ಒಂದು ಮಧ್ಯಾಹ್ನ ನನ್ನ ಕೈಯಲ್ಲಿ ಏಕಕಾಲಕ್ಕೆ ನಾಲ್ಕು ಸಾವಿರ ಪುಸ್ತಕಗಳಿದ್ದವು. ನಲವತ್ತು ಎನ್ನಿ. ರಟ್ಟು ಅಂಟಿಸಿದ ಮೇಲೆ ಪುಸ್ತಕ ಒಣಗುವ ತನಕ ಭಾರದ ಕೆಳಗಿರಬೇಕು. ನನ್ನ ಒತ್ತುಯಂತ್ರದಲ್ಲಿ ಹಿಡಿಯುವುದು ಹನ್ನೆರಡೇ. ನಾನು ಸಾಮಾನ್ಯ ಬುದ್ಧಿಯವನಲ್ಲವಲ್ಲ, ಏಣಿಯನ್ನು ಉಳಿದ ಪುಸ್ತಕಗಳ ಮೇಲೆ ಅಡ್ಡ ಮಲಗಿಸಿ ಅದರ ಮೇಲೆ ನಾನೇ ಕುಳಿತೆ. ಒಂಬತ್ತನೆಯ ಮೆಟ್ಟಿಲು 'ಚರ್' ಎಂದು ಸೀಳಿತು.

ಭಾವನನ್ನು ಕರೆಯಬೇಕಿತ್ತು. ಕರೆದರೆ ಮುಂದಿನ ಇಪ್ಪತ್ತು ವರ್ಷ ಬಾಯಿ ಬಿಡುವಂತಿಲ್ಲ. ಹಾಗಾಗಿ ಸೀಳಿದ ಮೆಟ್ಟಿಲಿಗೆ, ಪುಸ್ತಕದ ಬೆನ್ನಿಗೆ ಹಾಕುವ ಹಾಗೆಯೇ, ಬಟ್ಟೆ ಸುತ್ತಿ ಮೈದಾ ಅಂಟು ಬಳಿದು, ಮೇಲೆ ಮರದ ಬಣ್ಣ ಸವರಿ ಒಣಗಿಸಿದೆ. ಅಂಟಿಗೆ ಮೈಲುತುತ್ತ ಹಾಕುವುದು ನಮ್ಮ ಕಸುಬಿನ ಮೊದಲ ಪಾಠ. ಹಾಕದಿದ್ದರೆ ಜಿರಳೆ ತಿನ್ನುತ್ತದೆ. ಆದರೆ ತುತ್ತ ಹಾಕಿದ ಅಂಟು ನೀಲಿಗೆ ತಿರುಗುತ್ತದೆ, ನೀಲಿ ಕಂಡರೆ ಭಾವನಿಗೆ ಗೊತ್ತಾಗುತ್ತದೆ. ಹಾಗಾಗಿ ಹಾಕಲಿಲ್ಲ. ಅಕ್ಕ ಮೂರು ವಾರ ಆ ಮೆಟ್ಟಿಲು ಹತ್ತಿ ಇಳಿದಳು. ಅಕ್ಕ ಹಗುರ. ನಾನು ಒಳಗೊಳಗೇ ನನ್ನ ಬೆನ್ನು ತಟ್ಟಿಕೊಂಡೆ.

ಆಮೇಲೆ ಪ್ರಿನ್ಸಿಪಾಲರು ಹತ್ತಿದರು.

ಅವರದು ಒಂದು ಹೊಸ ಪುಸ್ತಕ ಅಚ್ಚಾಗಿ ಬಂದಿತ್ತು. ಅದು ಒಂಬತ್ತನೆಯ ಸಾಲಿನಲ್ಲಿ, ಘಟಾನುಘಟಿಗಳ ಪಕ್ಕದಲ್ಲಿ, ತಮ್ಮ ಸ್ವಹಸ್ತದಿಂದಲೇ ಕೂರಬೇಕೆಂದು ಅವರ ಆಸೆ. "ಕೊಡಿ ಸರ್, ನಾನಿಡ್ತೀನಿ," ಎಂದಳು ಅಕ್ಕ. ಕೊಡಲಿಲ್ಲ. ಅವರ ತೂಕ ಮೂರು ಆನೆ, ಒಂದು ಮರಿ. ಒಂಬತ್ತನೆಯ ಮೆಟ್ಟಿಲಿನ ಮೇಲೆ ಎರಡನೆಯ ಕಾಲು ಇಟ್ಟರು, ಮೆಟ್ಟಿಲು ಮಾಯವಾಯಿತು.

ಅಂಥ ಪತನವನ್ನು ಇತಿಹಾಸ ಕಂಡಿಲ್ಲ. ಕಂಡಿದ್ದರೂ ಇತಿಹಾಸವೆಲ್ಲ ಒಟ್ಟಿಗೆ ಕಂಡಿದ್ದು ಅಂದೇ. ಮೊದಲು ಒಪ್ಪಂದ ಕೈಬಿಟ್ಟಿತು. ಎಂಟನೆಯ ಸಾಲಿನಲ್ಲಿ ಸಮುದ್ರ ಯಾರದು ಎಂದು ಕಿತ್ತಾಡಿದವರನ್ನು ಹಿಡಿಯಹೋದರು, ಅವರೂ ಜೊತೆಗೇ ಬಂದರು. ಏಳರಲ್ಲಿ, ದೊರೆಯ ಬಾಯಿಂದ ಬಂದದ್ದೇ ಕಾನೂನು ಎನ್ನುವ ದಪ್ಪ ಸಂಪುಟವೊಂದು ಅವರ ಹಣೆಗೆ ಬಡಿಯಿತು. ಐದರಲ್ಲಿ ಮಠದ ಪಂಡಿತರನ್ನು ತಬ್ಬಿದರು, ನಾಲ್ಕರಲ್ಲಿ ರೋಮನ್ನರನ್ನು ಒದ್ದರು, ಎರಡರಲ್ಲಿ, ದಂಡವಿಲ್ಲದ ಕಡೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ ಎಂದವರ ಮೇಲೆ ಒಂದು ಕ್ಷಣ ಕುಳಿತ ಹಾಗೂ ಆಯಿತು. ಕೊನೆಗೆ ಬೈಂಡಿಂಗಿಗೆಂದು ನಾನು ಪೇರಿಸಿಟ್ಟಿದ್ದ ಹಳೆಯ ಪತ್ರಿಕೆಗಳ ರಾಶಿಯ ಮೇಲೆ ಬಿದ್ದರು. ಆ ರಾಶಿ ಇಲ್ಲದಿದ್ದರೆ ಏನಾಗುತ್ತಿತ್ತೋ. ಅವರ ಪ್ರಾಣ ಉಳಿಸಿದ್ದು ನಾನು. ಇದನ್ನೂ ಯಾರೂ ಹೇಳುವುದಿಲ್ಲ.

ಆದರೆ ಒಂದು ವಿಚಿತ್ರ ನಡೆಯಿತು. ಮನುಷ್ಯ ಒಂಬತ್ತನೆಯ ಸಾಲಿನಿಂದ ಒಂದನೆಯ ಸಾಲಿಗೆ ಬಿದ್ದರೆ, ಬುದ್ಧಿಯೂ ಅಲ್ಲಿಗೇ ಬಂದು ಬೀಳುತ್ತದೆ. ಎದ್ದವರೇ ಸೊಂಟ ಹಿಡಿದುಕೊಂಡು, "ನನ್ನನ್ನ ಕೆಡವಿದೋರು ಯಾರೇ ಆಗ್ಲಿ, ಅವರನ್ನೂ ಅಷ್ಟೇ ಎತ್ತರದಿಂದ ಕೆಡವ್ಬೇಕು," ಎಂದರು. ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು, ಸೊಂಟಕ್ಕೆ ಸೊಂಟ.

ಆ ಸಾಲಿನ ಒಂದು ಪುಸ್ತಕದ ಒಂಬತ್ತನೆಯ ಪುಟ ನನ್ನ ಕಣ್ಣ ಮುಂದೆ ಬಂತು. ಕಟ್ಟಿದ ಮನೆ ಕುಸಿದು ಯಜಮಾನ ಸತ್ತರೆ, ಕಟ್ಟಿದವನನ್ನೂ ಕೊಲ್ಲಬೇಕು. ನಾನು ಬಾಯಿಗೆ ಹೊಲಿಗೆ ಹಾಕಿಕೊಂಡೆ.

ಮಾರನೆಯ ದಿನ ಆಜ್ಞೆ ಬಂತು. ಲೈಬ್ರರಿಯ ಸಾಮಾನಿಗೆ ಲೈಬ್ರೇರಿಯನ್ನೇ ಹೊಣೆ; ಆದ್ದರಿಂದ ಅವರನ್ನು ಸೋಮವಾರದಿಂದ ಹಾಸ್ಟೆಲಿನ ಉಗ್ರಾಣಕ್ಕೆ ವರ್ಗ ಮಾಡಲಾಗಿದೆ; ಏಣಿಯನ್ನು ಒಡೆದು ಸೌದೆ ಮಾಡತಕ್ಕದ್ದು. ಅಕ್ಕ ಅದನ್ನು ಎರಡು ಸಲ ಓದಿ, ಮಡಿಸಿ, ಪುಸ್ತಕದ ಗುರುತಿಗೆ ಇಡುವ ಹಾಗೆ ತನ್ನ ರಿಜಿಸ್ಟರಿನಲ್ಲಿಟ್ಟಳು.

"ಉಗ್ರಾಣದಲ್ಲೂ ಸಾಲುಗಳಿರ್ತವೆ ಬಿಡೋ," ಎಂದಳು. "ಅಕ್ಕಿ ಕೆಳಗೆ, ಬೇಳೆ ಮೇಲೆ."

"ಅಕ್ಕಾ, ಹಾಗನ್ಬೇಡ."

"ಇನ್ನೇನನ್ಲಿ? ಇಷ್ಟು ವರ್ಷ ಹತ್ತಿದ್ದೀನಿ, ಆ ಮೆಟ್ಟಿಲು ಯಾವತ್ತೂ ಒಂದು ಮಾತಾಡಿಲ್ಲ. ಒಂದೇ ದಿನಕ್ಕೆ ಏನಾಯ್ತೋ ಅದಕ್ಕೆ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸುವಷ್ಟು ಕೊಳೆ ಅದರಲ್ಲಿರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ನಾನು ಹೆಗಲಷ್ಟೇ ಅಲ್ಲ, ಮೈಯೆಲ್ಲ ಮುಟ್ಟಿ ನೋಡಿಕೊಂಡೆ. ಹೇಳಿದರೆ ನಾನು ಕೆಟ್ಟೆ, ಹೇಳದಿದ್ದರೆ ಅಕ್ಕ ಕೆಟ್ಟಳು. ಆದರೆ ನನ್ನಂಥ ವಿದ್ವಾಂಸನಿಗೆ ಮೂರನೆಯ ದಾರಿ ಇಲ್ಲದೇ ಇರುತ್ತದೆಯೇ? ಎರಡನೆಯ ಸಾಲಿನ ಪುಸ್ತಕವೊಂದರ ಹದಿನಾರನೆಯ ಪುಟದಲ್ಲಿತ್ತು. ಪುರಾತನ ಗ್ರೀಕರು ಜೀವವಿಲ್ಲದ ವಸ್ತುಗಳನ್ನೂ ಕೋರ್ಟಿಗೆ ಎಳೆಯುತ್ತಿದ್ದರು. ಕಲ್ಲು ಬಿದ್ದರೆ ಕಲ್ಲಿನ ವಿಚಾರಣೆ, ತೊಲೆ ಬಿದ್ದರೆ ತೊಲೆಯ ವಿಚಾರಣೆ. ತಪ್ಪು ಸಾಬೀತಾದರೆ ಗಡಿಯಾಚೆ ಎಸೆದು ಕೈ ತೊಳೆದುಕೊಳ್ಳುತ್ತಿದ್ದರು. ಏಣಿಯೇ ಅಪರಾಧಿ ಎಂದಾದರೆ ಅಕ್ಕ ಪಾರು, ನಾನೂ ಪಾರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಇದು ಅದಕ್ಕಿಂತ ವಾಸಿ. ಇಲ್ಲಿ ಬರೆ ಬೀಳುವುದು ಕಟ್ಟಿಗೆಗೆ.

ಪ್ರಿನ್ಸಿಪಾಲರು ತಮ್ಮ ಕೋಣೆಯಲ್ಲಿ, ಗಾಳಿ ತುಂಬಿದ ಸೈಕಲ್ ಟ್ಯೂಬಿನ ಮೇಲೆ, ಮೊಟ್ಟೆಯ ಮೇಲೆ ಕೂತ ಕೋಳಿಯಂತೆ ಜೋಪಾನವಾಗಿ ಕೂತಿದ್ದರು.

"ಸರ್, ವಿಚಾರಣೆ ಇಲ್ದೆ ತೀರ್ಪು ಕೊಟ್ಟಿದ್ದೀರಿ."

"ಅದನ್ನ ಕೇಳೋಕೆ ನೀನ್ಯಾರು?"

"ನಾನಲ್ಲ ಸರ್. ಒಬ್ಬ ದೊಡ್ಡ ವಿದ್ವಾಂಸರು ಬರೆದಿದ್ದಾರೆ, ಒಂದೇ ಕಿವೀಲಿ ಕೇಳೋ ನ್ಯಾಯಾಧೀಶ ಅರ್ಧ ನ್ಯಾಯಾಧೀಶ ಅಂತ."

ಪ್ರಿನ್ಸಿಪಾಲರ ಮುಖ ಮೆತ್ತಗಾಯಿತು. "ಅದು ನನ್ನ ಪುಸ್ತಕದಲ್ಲಲ್ವೇನಯ್ಯ?"

"ಒಂಬತ್ತನೇ ಪುಟ ಸರ್."

"ನೀನು ಓದಿದ್ಯಾ?"

"ಲೈಬ್ರರಿ ಪ್ರತಿಗೆ ಗಟ್ಟಿ ಹೊಲಿಗೆ ಹಾಕಿದ್ದು ನಾನೇ ಸರ್. ಅಕ್ಷರ ಅಕ್ಷರ ಹೊಲ್ದಿದ್ದೀನಿ."

ಆ ಪುಸ್ತಕವನ್ನು ಓದಿದ ಮೊದಲ ಪ್ರಾಣಿ ನಾನೆಂದು ಅವರ ಕಣ್ಣು ಹೇಳುತ್ತಿತ್ತು. ಶನಿವಾರ ಮಧ್ಯಾಹ್ನ ವಿಚಾರಣೆ ಎಂದು ಬರೆದೇಬಿಟ್ಟರು. ನ್ಯಾಯಾಧೀಶರ ಪೀಠಕ್ಕೆ ಪ್ರಾಚೀನ ಮೇಡಂ. ಮೇಡಂ ಕಾನೂನಿನ ಇತಿಹಾಸ ಪಾಠ ಮಾಡುವವರು. ಪ್ರಾಚೀನ ಎಂಬುದು ಅವರ ವಿಷಯ. ವಯಸ್ಸಿಗೂ ಒಪ್ಪಿದ್ದರಿಂದ ಹೆಸರಾಗಿ ನಿಂತಿತು. ಅವರಿಗೂ ಗೊತ್ತು, ಅವರೇ ಒಮ್ಮೊಮ್ಮೆ ಹಾಗೆ ರುಜು ಮಾಡುತ್ತಾರೆ.

ಶನಿವಾರ ಓದುವ ಕೋಣೆಯಲ್ಲಿ ಐದು ಸಾವಿರ ಜನ ಸೇರಿದ್ದರು. ಭಾವ ಎಣಿಸಿದ್ದು ಹನ್ನೊಂದು, ಅದರಲ್ಲಿಬ್ಬರು ಪುಸ್ತಕ ವಾಪಸು ಕೊಡಲು ಬಂದವರು. ಎರಡು ಮೇಜು ಜೋಡಿಸಿ ಏಣಿಯನ್ನು ಆರೋಪಿಯಂತೆ ಅಂಗಾತ ಮಲಗಿಸಲಾಗಿತ್ತು. ಒಂಬತ್ತನೆಯ ಮೆಟ್ಟಿಲಿನ ಎರಡು ತುಂಡು ಪಕ್ಕದಲ್ಲಿ, ಒಂದು ಪೇಪರಿನ ಮೇಲೆ. ಅಕ್ಕ ತನ್ನ ಜಾಗದಲ್ಲೇ, ಕೌಂಟರಿನ ಹಿಂದೆ, ಕೈ ಕಟ್ಟಿ ಕುಳಿತಿದ್ದಳು. ಸೋಮವಾರ ಆ ಜಾಗ ಅವಳದಲ್ಲ ಎಂಬುದು ಕೌಂಟರಿಗೂ ತಿಳಿದಂತಿತ್ತು.

ನಾನು ಎದ್ದು ನಿಂತೆ. ನನ್ನ ವಾದ ಕೇಳಿದ್ದರೆ ಕಲ್ಲೂ ಕರಗುತ್ತಿತ್ತು. ಅಲ್ಲಿ ಕಲ್ಲಿರಲಿಲ್ಲ, ಪ್ರಾಚೀನ ಮೇಡಂ ಇದ್ದರು.

"ಸ್ವಾಮಿ, ಮೇಡಂ, ಈ ಅರವತ್ತಡಿ ಏಣಿ..."

"ಹನ್ನೆರಡೂವರೆ," ಎಂದರು ಭಾವ ಹಿಂದಿನ ಬೆಂಚಿನಿಂದ.

"ಈ ಎತ್ತರದ ಏಣಿ ಒಬ್ಬ ಸತ್ಪುರುಷರನ್ನ ಕೆಡವಿದೆ. ಗ್ರೀಕರ ಪದ್ಧತಿ ಪ್ರಕಾರ ವಸ್ತುವೂ ಅಪರಾಧಿ. ಇದನ್ನ ಕಾಲೇಜಿನ ಗೇಟಿನಾಚೆ ಎಸೆದು ಮೊಕದ್ದಮೆ ಮುಗಿಸ್ಬೇಕು."

"ಹದಿನಾರನೇ ಪುಟ," ಎಂದರು ಮೇಡಂ. "ಹದಿನೆಂಟನೇ ಪುಟ ನೋಡಿದ್ಯಾ?"

"ಹದಿನೇಳು ನೋಡಿದ್ದೀನಿ ಮೇಡಂ."

"ಹದಿನೆಂಟರಲ್ಲಿ ಇದೆ, ಆ ಕೋರ್ಟು ಸಾವು ಸಂಭವಿಸಿದಾಗ ಮಾತ್ರ ಅಂತ. ನಮ್ಮ ಸಾಹೇಬರು ಇನ್ನೂ ಇದ್ದಾರಲ್ಲಪ್ಪ."

ಪ್ರಿನ್ಸಿಪಾಲರು ಟ್ಯೂಬಿನ ಮೇಲೆ ಸ್ವಲ್ಪ ಸರಿದು ಕೂತು, ತಾವಿರುವುದನ್ನು ದೃಢಪಡಿಸಿದರು.

ನಾನು ಎದೆಗುಂದಲಿಲ್ಲ. ನಾಲ್ಕನೆಯ ಸಾಲಿಗೆ ಹಾರಿದೆ. "ರೋಮನ್ನರು ಹೇಳಿದ್ದಾರೆ ಮೇಡಂ, ಕೆಟ್ಟ ಉದ್ದೇಶ ಇದ್ರೆ ದೊಡ್ಡ ತಪ್ಪು ಅಂತ. ಇಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರ್ಲಿಲ್ಲ. ಹಾಗಾದ್ರೆ ಯಾರದೂ ತಪ್ಪಿಲ್ಲ."

"ಅದು ಎಂಟನೇ ಪುಟ. ಹತ್ತನೇ ಪುಟದಲ್ಲಿ ಅಜಾಗ್ರತೆಗೂ ಲೆಕ್ಕ ಇದೆ ಅಂತ ಹೇಳ್ತಾರೆ. ಎಚ್ಚರ ಇರ್ಬೇಕಾದೋನು ಎಚ್ಚರ ತಪ್ಪಿದ್ರೆ ಅವನೇ ಹೊಣೆ." ಮೇಡಂ ಚಾಳೀಸಿನ ಮೇಲಿಂದ ನನ್ನನ್ನು ನೋಡಿದರು. "ನೀನು ತೆಗೆದ ಪುಟಕ್ಕೆಲ್ಲ ಎರಡು ಪುಟ ಆಚೆ ಉತ್ತರ ಇದೆ. ಇದೇನು ನಿನ್ನ ಅಭ್ಯಾಸ?"

ಕೋಣೆಯಲ್ಲಿ ನಕ್ಕವರು ಐದು ಸಾವಿರ ಜನವೂ ಇದ್ದಿರಬಹುದು.

"ಏಣಿ ಮಾಡಿದವರು ಬಂದು ನೋಡ್ಲಿ," ಎಂದರು ಮೇಡಂ.

ಭಾವ ಎದ್ದು ಬಂದರು. ಕಿವಿಯ ಮೇಲೆ ಪೆನ್ಸಿಲು, ಕಂಕುಳಲ್ಲಿ ಒಂದು ಹೊಸ ಮೆಟ್ಟಿಲು. ತೀರ್ಪು ಏನೇ ಬರಲಿ, ಹಲ್ಲು ಬಿದ್ದ ಏಣಿಯನ್ನು ಅವರು ನೋಡಲಾರರು. ಮುರಿದ ತುಂಡು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಉಗುರಿನಿಂದ ಬಣ್ಣ ಕೆರೆದರು. ಬಟ್ಟೆ ಬಂತು. ಬಟ್ಟೆಯ ಕೆಳಗೆ ಒಣಗಿದ ಹಿಟ್ಟು. ಹಿಟ್ಟಿನ ಅಂಚೆಲ್ಲ ಕಚ್ಚಿದ ಹಾಗೆ ಸಣ್ಣ ಸಣ್ಣ ತೂತು.

"ಜಿರಳೆ," ಎಂದರು.

ನನಗೆ ಹೋದ ಜೀವ ಬಂದ ಹಾಗಾಯಿತು. "ಕೇಳಿದ್ರಾ ಮೇಡಂ. ಜಿರಳೆಗಳನ್ನೇ ವಿಚಾರಿಸ್ಬೇಕು. ಹಿಂದೆ ಬೆಳೆ ತಿಂದ ಇಲಿಗಳಿಗೆ ಕೋರ್ಟಿಂದ ಕರೆ ಹೋಗಿತ್ತು, ಇಪ್ಪತ್ತನಾಲ್ಕನೇ ಪುಟ. ಇಲಿಗಳ ವಕೀಲ ಎದ್ದು ನಿಂತು, ನನ್ನ ಕಕ್ಷಿದಾರರು ಬರೋಕೆ ತಯಾರಿದ್ದಾರೆ, ದಾರೀಲಿ ಬೆಕ್ಕುಗಳಿವೆ, ಅದಕ್ಕೇ ಬಂದಿಲ್ಲ ಅಂದ. ಇಪ್ಪತ್ತೈದನೇ ಪುಟ. ಈ ಎರಡೂ ಪುಟ ಅಕ್ಕಪಕ್ಕ ಮೇಡಂ, ನಡುವೆ ಏನೂ ಬಿಟ್ಟಿಲ್ಲ."

"ಆಮೇಲೆ?"

"ಆಮೇಲೆ ಇಪ್ಪತ್ತಾರು."

"ಗೊತ್ತಾಯ್ತು ಕೂತ್ಕೋ," ಎಂದರು ಮೇಡಂ. ಆದರೆ ಅವರು ನಗುತ್ತಿರಲಿಲ್ಲ, ಭಾವನನ್ನೇ ನೋಡುತ್ತಿದ್ದರು. "ಬಡಗಿಯವರೇ, ಮರದ ಮೆಟ್ಟಿಲಿಗೆ ಹಿಟ್ಟು ಬಂದಿದ್ದು ಹೇಗೆ?"

ಭಾವ ತುಂಡನ್ನು ಕಣ್ಣಿನ ಹತ್ತಿರ ತಂದರು. "ನೀಲಿ ಇಲ್ಲ," ಎಂದರು ಮೆಲ್ಲಗೆ. ನನ್ನ ಕಡೆ ಒಂದು ಸಲ, ಒಂದೇ ಸಲ, ನೋಡಿದರು. ಆ ನೋಟದಲ್ಲಿ ಇಪ್ಪತ್ತು ವರ್ಷದ ಜಗಳವಿತ್ತು. ಗೆದ್ದ ಖುಷಿ ಮಾತ್ರ ಇರಲಿಲ್ಲ. ಆಮೇಲೆ ಕೌಂಟರಿನ ಹಿಂದಿದ್ದ ಅಕ್ಕನನ್ನು ನೋಡಿದರು.

"ತಪ್ಪು ನಂದೇ ಮೇಡಂ," ಎಂದರು. "ಮರ ಹಸಿ ಇತ್ತು. ಸೀಳಿದಾಗ ನಾನೇ ಬಟ್ಟೆ ಸುತ್ತಿ ಮುಚ್ಚಿದ್ದೆ. ಲೈಬ್ರರಿಯಮ್ಮನಿಗೆ ಗೊತ್ತಿಲ್ಲ. ಬರ್ಕೊಳ್ಳಿ."

ಅಕ್ಕ ಕೌಂಟರಿನ ಹಿಂದೆ ಎದ್ದು ನಿಂತಳು.

ತಮ್ಮ ಜೋಡಣೆಯ ಮೇಲೆ ಒಂದು ಮಾತು ಬಂದರೆ ಮೂರು ದಿನ ಉಪವಾಸ ಕೂರುವ ಮನುಷ್ಯ, ಎಲ್ಲರೆದುರು, ಮರ ಹಸಿ ಇತ್ತು ಎಂದರು. ಹೋಗಿ ಅವರ ಕೈ ಹಿಡಿದುಕೊಳ್ಳುವ ಆಸೆ ಎದ್ದಿತು. ಅದರ ಜೊತೆಗೇ ಹೊಟ್ಟೆಕಿಚ್ಚೂ ಎದ್ದಿತು. ನಿಜ ಹೇಳುತ್ತೇನೆ, ಯಾವುದು ಮೊದಲು ಎದ್ದಿತೋ ನನಗೇ ಗೊತ್ತಿಲ್ಲ. ಮೂರು ಆನೆ ಒಂದು ಮರಿ ತೂಕದ ಪ್ರಿನ್ಸಿಪಾಲರನ್ನು, ಒಂಬತ್ತು ಯುಗಗಳ ಮೂಲಕ ನೆಲಕ್ಕೆ ತಂದ ಕೆಲಸ ನನ್ನದು. ಬಟ್ಟೆ ಸುತ್ತಿದ ನಾಜೂಕು ನನ್ನದು. ಮೂರು ವಾರ ಯಾರ ಕಣ್ಣಿಗೂ ಬೀಳದ ಬಣ್ಣ ನನ್ನದು. ಜೀವಮಾನದಲ್ಲಿ ಒಮ್ಮೆ ಎಲ್ಲರೂ ಮಾತಾಡುವಂಥದ್ದು ನಡೆಸಿದರೆ, ಅದನ್ನೂ ಈ ಭಾವ ತನ್ನ ಹೆಸರಿಗೆ ಬರೆಸಿಕೊಳ್ಳುವುದೇ?

"ಸುಳ್ಳು," ಎಂದು ಎದ್ದೆ. "ಅವರಿಗೆ ಹಾಗೆ ಬಟ್ಟೆ ಸುತ್ತೋಕೆ ಬರಲ್ಲ ಮೇಡಂ. ಆ ಮೂಲೆ ಮಡಿಚಿರೋದು ನೋಡಿ, ಕೈ ಯಾರದು ಅಂತ ಗೊತ್ತಾಗಲ್ವಾ? ಮರ ಚಿನ್ನದಂಥ ಮರ. ಸೀಳಿದ್ದು ನಾನು, ಅದರ ಮೇಲೆ ಕೂತು. ಅಂಟಿಸಿದ್ದೂ ನಾನು. ಗೊತ್ತಾಗ್ಬಾರ್ದು ಅಂತ ತುತ್ತ ಬಿಟ್ಟಿದ್ದೂ ನಾನೇ. ಭಾವನ್ನ ಕರೀಬೇಕಿತ್ತು, ಕರೀಲಿಲ್ಲ. ಅಕ್ಕನ ತಪ್ಪು ಸಾಸಿವೆಯಷ್ಟೂ ಇಲ್ಲ."

ನನ್ನ ಬಾಯಿಂದ ಅಷ್ಟು ಚಿಕ್ಕ, ಅಷ್ಟು ನೇರ ಮಾತು ಬಂದದ್ದು ಅಕ್ಕ ಐವತ್ತು ವರ್ಷದಲ್ಲಿ ಕೇಳಿರಲಿಲ್ಲ.

"ಲೋ," ಎಂದಳು, "ಹುಷಾರಾಗಿದ್ದೀಯಾ?"

ಪ್ರಿನ್ಸಿಪಾಲರು ಟ್ಯೂಬಿನಿಂದ ಅರ್ಧ ಎದ್ದರು. ಅವರ ಬುದ್ಧಿ ಇನ್ನೂ ಒಂದನೆಯ ಸಾಲಿನಲ್ಲೇ ಇತ್ತು. "ಹಾಗಾದ್ರೆ ಇವನೂ ಅಷ್ಟೆತ್ತರದಿಂದ ಬೀಳ್ಬೇಕು."

"ಸರಿ," ಎಂದರು ಮೇಡಂ. "ಬೀಳೋಕೆ ಮೊದಲು ಹತ್ತಲಿ. ಏಣಿ ನಿಲ್ಸಿ."

ಭಾವ ಹೊಸ ಮೆಟ್ಟಿಲು ಕೂರಿಸುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷದಲ್ಲಿ ನಾನು ನೂರು ವರ್ಷ ಮುದುಕನಾದೆ. ಏಕೆಂದರೆ ಒಂದು ಸಣ್ಣ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ನಾನು ಮೂರನೆಯ ಮೆಟ್ಟಿಲಿನಿಂದ ಮೇಲೆ ಹತ್ತಿದವನಲ್ಲ. ಮೇಲಿನ ಸಾಲಿನ ಪುಸ್ತಕಗಳನ್ನೆಲ್ಲ ಅಕ್ಕನೇ ಇಳಿಸಿ ತಂದು ಕೊಡುತ್ತಿದ್ದಳು. ಸ್ಟೂಲಿನ ಮೇಲೆ ನಿಂತರೂ ನನಗೆ ಭೂಮಿ ತಿರುಗುವುದು ಕಾಣುತ್ತದೆ.

ಹತ್ತಿದೆ. ಒಂದು, ಎರಡು, ಮೂರು. ನಾಲ್ಕರಲ್ಲಿ ಕಣ್ಣು ಮುಚ್ಚಿದೆ. ಐದರಲ್ಲಿ ಮಠದ ಪಂಡಿತರ ಬೆನ್ನು ತಬ್ಬಿ, ಅವರು ನಂಬಿದ್ದನ್ನೆಲ್ಲ ನಾನೂ ನಂಬಿದೆ. ಆರು, ಏಳು, ಎಂಟು ಎಲ್ಲಿ ಹೋದವೋ. ಒಂಬತ್ತನೆಯ ಮೆಟ್ಟಿಲು ಕಾಲಿಗೆ ಸಿಕ್ಕಿತು, ಹೊಸ ಮರದ ವಾಸನೆ ಬಂತು, ಕಣ್ಣು ಬಿಟ್ಟೆ. ಕೆಳಗೆ ಅಕ್ಕ ಇರುವೆಯಷ್ಟು ಕಾಣುತ್ತಿದ್ದಳು. ಫ್ಯಾನು ನನ್ನ ಕಿವಿಯ ಹತ್ತಿರ ತಿರುಗುತ್ತಿತ್ತೋ, ನಾನೇ ಫ್ಯಾನಿನ ಸುತ್ತ ತಿರುಗುತ್ತಿದ್ದೆನೋ. ವಿಚಿತ್ರವೆಂದರೆ ನನಗೆ ನಗು ಬಂತು. ತಡೆಯಲಾರದ ನಗು. ನಕ್ಕ ಹಾಗೆಲ್ಲ ಏಣಿ ನಡುಗಿತು, ನಡುಗಿದ ಹಾಗೆಲ್ಲ ನಗು ಜಾಸ್ತಿಯಾಯಿತು.

"ಈಗ ಬೀಳು," ಎಂದರು ಪ್ರಿನ್ಸಿಪಾಲರು. ಆದರೆ ಅವರ ತುಟಿಯ ಅಂಚೂ ನೆಟ್ಟಗಿರಲಿಲ್ಲ.

"ಬೀಳೋಕೂ ಭಯ ಸರ್. ಇಳಿಯೋಕೂ ಭಯ."

"ಮತ್ತೇನು ಮಾಡ್ತೀಯಾ?"

"ಇಲ್ಲೇ ಇರ್ತೀನಿ ಸರ್. ಊಟ ಕಳಿಸ್ಕೊಡಿ."

ಅಕ್ಕ ಪ್ರಿನ್ಸಿಪಾಲರ ಪುಸ್ತಕವನ್ನು ಒಂದು ಕೋಲಿನ ತುದಿಗೆ ಕಟ್ಟಿ ಮೇಲೆ ಚಾಚಿದಳು. "ಸುಮ್ನೆ ನಿಂತಿದ್ದೀಯಲ್ಲ, ಅದನ್ನಾದ್ರೂ ಜಾಗಕ್ಕಿಡು." ಒಂದು ಕೈಯಲ್ಲಿ ಏಣಿಯನ್ನು ತಬ್ಬಿ, ಇನ್ನೊಂದು ಕೈಯಿಂದ ಅದನ್ನು ಘಟಾನುಘಟಿಗಳ ನಡುವೆ ತುರುಕಿದೆ. ಪ್ರಿನ್ಸಿಪಾಲರು ಕತ್ತೆತ್ತಿ, ತಮ್ಮ ಹೆಸರು ಅಷ್ಟೆತ್ತರದಲ್ಲಿ ಕೂತದ್ದನ್ನು ನೋಡಿದರು. ಅಷ್ಟು ಹೊತ್ತು ನೆಲದಲ್ಲಿದ್ದ ಅವರ ಬುದ್ಧಿ ಅಲ್ಲಿಂದ ಒಂದೆರಡು ಸಾಲು ಮೇಲೆದ್ದಿದ್ದು ನನಗೆ ಸ್ಪಷ್ಟವಾಗಿ ಕಂಡಿತು.

ಮಾಡಲು ಬೇರೇನೂ ಇರಲಿಲ್ಲ. ಪಕ್ಕದ ಪುಸ್ತಕವೊಂದನ್ನು ತೆಗೆದೆ. ಎಂಟು, ಒಂಬತ್ತನೆಯ ಪುಟ ನಾನು ಬಲ್ಲೆ. ಮನುಷ್ಯರು ಮೊದಲು ಒಬ್ಬರಿಗೊಬ್ಬರು ಹೆದರಿ ಬದುಕುತ್ತಿದ್ದರು, ಆ ಭಯ ತಾಳಲಾರದೆ ಒಪ್ಪಂದಕ್ಕೆ ಬಂದರು ಎಂದು ಅಲ್ಲಿದೆ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಹಾಳೆ ತಿರುವಿದೆ. ಹತ್ತನೆಯ ಪುಟ. ಗಟ್ಟಿಯಾಗಿ ಓದಿದೆ. "ಒಪ್ಪಂದವೆಂದರೆ ಎರಡೂ ಕಡೆಗೆ ಕಟ್ಟಿದ ಹಗ್ಗ. ಆಳುವವನು ತನ್ನ ತುದಿ ಬಿಟ್ಟರೆ ಜನ ತಮ್ಮ ತುದಿ ಬಿಡಬಹುದ..." ಮೇಡಂ ಕೆಳಗಿನಿಂದ, "ಬಿಡಬಹುದೇ ಎಂದು ಕೇಳುವವರಿದ್ದಾರೆ. ಮುಂದೆ ಓದು, ಹನ್ನೊಂದು," ಎಂದರು. ಓದಿದೆ. ಹನ್ನೆರಡೂ ಓದಿದೆ. ಪುಟಗಳ ನಡುವೆ ಇಷ್ಟೊಂದು ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೋಸ.

ಹದಿನೈದನೆಯ ಪುಟಕ್ಕೆ ಬರುವ ಹೊತ್ತಿಗೆ ಕೆಳಗೆ ಒಪ್ಪಂದದ ಕರಡು ಸಿದ್ಧವಾಗಿತ್ತು. ಮೇಡಂ ಹೇಳಿದರು, ಅಕ್ಕ ತನ್ನ ದುಂಡು ಅಕ್ಷರದಲ್ಲಿ ಬರೆದಳು. ಲೈಬ್ರೇರಿಯನ್ ಇದ್ದಲ್ಲೇ ಇರತಕ್ಕದ್ದು. ಏಣಿ ನಿರಪರಾಧಿ. ಬೈಂಡರ್ ಇನ್ನು ಮುಂದೆ ಮರ ಮುಟ್ಟದೆ ಬಡಗಿಯನ್ನು ಕರೆಯತಕ್ಕದ್ದು. ಬಡಗಿ ಕ್ಯಾಲೆಂಡರಿನ ವಿಷಯ ಎತ್ತತಕ್ಕದ್ದಲ್ಲ. ಪ್ರತಿದಿನ ಬೆಳಿಗ್ಗೆ, ಬೇರೆ ಯಾರೂ ಹತ್ತುವ ಮುಂಚೆ, ಬೈಂಡರ್ ಒಂಬತ್ತನೆಯ ಮೆಟ್ಟಿಲಿನವರೆಗೆ ಹತ್ತಿ ಇಳಿದು ಏಣಿ ಭದ್ರವೆಂದು ರಿಜಿಸ್ಟರಿನಲ್ಲಿ ಸಹಿ ಮಾಡತಕ್ಕದ್ದು.

"ಭಯದಲ್ಲಿ ಒಪ್ಪಿಕೊಂಡಿದ್ದು ಊರ್ಜಿತ ಆಗುತ್ತಾ ಮೇಡಂ?" ಎಂದರು ಪ್ರಿನ್ಸಿಪಾಲರು, ಕೊನೆಯ ಅನುಮಾನವಾಗಿ. ಆ ಪ್ರಶ್ನೆ ಒಂಬತ್ತನೆಯ ಸಾಲಿನದು. ಬುದ್ಧಿ ಪೂರ್ತಿ ಮೇಲೆ ಬಂದು ಮುಟ್ಟಿತ್ತು.

"ಆ ಸಾಲಿನಲ್ಲಿ ಅರ್ಧ ಜನ ಆಗುತ್ತೆ ಅಂತಾರೆ, ಅರ್ಧ ಜನ ಆಗಲ್ಲ ಅಂತಾರೆ," ಎಂದರು ಮೇಡಂ. "ನಿಮ್ಮ ಪುಸ್ತಕ ಏನನ್ನುತ್ತೆ?"

ಪ್ರಿನ್ಸಿಪಾಲರು ಅದು ಥಟ್ಟನೆ ನೆನಪಿಗೆ ಬಾರದೆ, ಅಕ್ಕನ ರಿಜಿಸ್ಟರಿನಿಂದ ವರ್ಗದ ಆಜ್ಞೆಯನ್ನು ಎಳೆದು ನಾಲ್ಕು ಚೂರು ಮಾಡಿದರು. ಅಕ್ಕ ಆ ಚೂರುಗಳನ್ನು ಕಸದ ಬುಟ್ಟಿಗೆ ಹಾಕದೆ, ನನಗೆ ಅಂಟು ಪರೀಕ್ಷಿಸಲು ಬೇಕಾದೀತೆಂದು ಎತ್ತಿಟ್ಟಳು.

ಸಹಿಗೆಂದು ಕಾಗದ ಕೋಲಿನ ತುದಿಯಲ್ಲಿ ಮೇಲೆ ಬಂತು. ಸಹಿ ಮಾಡಿದೆ. ಆದರೂ ಕಾಲು ಕದಲಲಿಲ್ಲ. ಆಗ ಭಾವ ಬಂದು ಏಣಿಯ ಎರಡೂ ಕಾಲು ಹಿಡಿದು, ಹೆಗಲು ಕೊಟ್ಟು ನಿಂತರು.

"ಇಳಿಯಯ್ಯ. ಹಿಡ್ಕೊಂಡಿದ್ದೀನಿ."

"ಬಿಟ್ರೆ?"

"ಬಿಡಲ್ಲ. ಮರ ಹಸಿ ಇತ್ತು ಅಂತ ಸುಳ್ಳು ಹೇಳಿಸ್ದೆ ನನ್ನ ಬಾಯಲ್ಲಿ. ಅದಕ್ಕೆ ನಿನ್ನನ್ನ ಜೀವಸಹಿತ ಕೆಳಗಿಳಿಸ್ಕೊಂಡು ಆಮೇಲೆ ವಿಚಾರಿಸ್ಬೇಕು."

ಇಳಿದೆ. ಒಂದೊಂದು ಮೆಟ್ಟಿಲಿಗೂ ಭಾವ, "ಇದು ಗಟ್ಟಿ, ಇದೂ ಗಟ್ಟಿ," ಎನ್ನುತ್ತಿದ್ದರು, ಮಗುವಿಗೆ ತುತ್ತು ತಿನ್ನಿಸುವ ಹಾಗೆ. ಕಾಲು ನೆಲ ಮುಟ್ಟಿದಾಗ ಅಕ್ಕ ನನ್ನ ತಲೆಗೊಂದು ಮೊಟಕಿ, ಅದೇ ಕೈಯಲ್ಲಿ ನೀರು ಕೊಟ್ಟಳು.

"ಈಗ ಹೇಳು," ಎಂದರು ಭಾವ. "ಎಷ್ಟಡಿ?"

ಐದು ಸಾವಿರ ಜನ ಕಿವಿ ನಿಮಿರಿಸಿ ಕಾದರು. ಸುಳ್ಳು ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ.

"ಹನ್ನೆರಡೂವರೆ," ಎಂದೆ.

ಅದು ಅವರ ಅಳತೆಯ ಟೇಪಿನ ಲೆಕ್ಕ. ಅಂದಿನಿಂದ ದಿನಾ ಬೆಳಿಗ್ಗೆ ಹತ್ತಿ, ಒಂಬತ್ತನೆಯ ಮೆಟ್ಟಿಲಲ್ಲಿ ನಿಂತು, ಬಿಟ್ಟುಹೋದ ಪುಟಗಳಲ್ಲಿ ಎರಡೆರಡು ಓದಿ ಇಳಿಯುತ್ತಿದ್ದೇನೆ. ಟೇಪು ಒಂದು ಸಲವೂ ಹತ್ತಿಲ್ಲ. ಹತ್ತಿದ ಕಾಲುಗಳನ್ನು ಕೇಳಿ, ಅವು ಅರವತ್ತಕ್ಕೆ ಒಂದಡಿಯೂ ಕಡಿಮೆ ಹೇಳುವುದಿಲ್ಲ.